ಪದ ಪರಿಚಯ: ‘ಫಾಡರ್’ ಅಂದ್ರೆ ಏನು, ಜೋಂಬಿ ಎಡಿಷನ್ನಲ್ಲಿ ಅದರ ಲೆಕ್ಕ ಯಾಕೆ ತಲೆಕೆಳಗಾಗುತ್ತೆ

ಆಕ್ಸಿಸ್ ಅಂಡ್ ಅಲೈಸ್ ಆಡೋರ ಪಕ್ಕ ಸ್ವಲ್ಪ ಹೊತ್ತು ಕೂತ್ರೆ ಸಾಕು, ಫಾಡರ್ ಅನ್ನೋ ಮಾತು ಕಿವಿಗೆ ಬಿದ್ದೇ ಬೀಳುತ್ತೆ. "ಟ್ಯಾಂಕ್ ಇದೆ, ಪ್ಲೇನ್ ಇದೆ, ಫಾಡರ್ ಎಲ್ಲಿದೆ ಮಾರಾಯ?" ಅಂತಾರೆ, "ಇನ್ನೆರಡು ಫಾಡರ್ ಇದ್ದಿದ್ರೆ ಮಾಸ್ಕೋ ನಮ್ದೇ ಆಗ್ತಿತ್ತು" ಅಂತಾರೆ. ಫಾಡರ್ ಅಂದ್ರೆ ಏಟು ತಿನ್ನೋಕಂತಲೇ ಇಟ್ಕೊಂಡಿರೋ ಅಗ್ಗದ ಪೀಸ್, ಅಂದ್ರೆ ನೂರಕ್ಕೆ ತೊಂಬತ್ತು ಸಲ ಇನ್ಫೆಂಟ್ರಿ, ಕಾಲಾಳು. ತೋಪಿನ ಬಾಯಿಗೆ ಹಾಕೋ ಮೇವು ಅನ್ನೋ ಹಳೇ ಸೈನ್ಯದ ಮಾತಿಂದ ಬಂದಿದ್ದು.

ಆಟ ಗೊತ್ತಿಲ್ಲದವ್ರಿಗೆ ಎರಡು ಮಾತು. ಇದು ಎರಡನೇ ಮಹಾಯುದ್ಧದ ಬೋರ್ಡ್ ಗೇಮ್, ಲ್ಯಾರಿ ಹ್ಯಾರಿಸ್ ಮಾಡಿದ್ದು, ಮೊದಲು 1981ರಲ್ಲಿ ಬಂತು, 1984ರಲ್ಲಿ ಮಿಲ್ಟನ್ ಬ್ರಾಡ್ಲಿ ಕಂಪನಿ ದೊಡ್ಡ ಡಬ್ಬದಲ್ಲಿ ಪ್ಲಾಸ್ಟಿಕ್ ಸೈನಿಕರ ಜೊತೆ ತಂದ್ಮೇಲೆ ಊರೂರಿಗೆ ಹರಡ್ತು. ಒಂದು ಕಡೆ ಜರ್ಮನಿ, ಜಪಾನ್, ಇನ್ನೊಂದು ಕಡೆ ರಷ್ಯಾ, ಬ್ರಿಟನ್, ಅಮೆರಿಕ. ನಿಮ್ಮ ಕೈಲಿರೋ ಜಾಗಗಳಿಂದ ಪ್ರತಿ ಟರ್ನ್ ದುಡ್ಡು ಬರುತ್ತೆ, ಅದಕ್ಕೆ ಐಪಿಸಿ ಅಂತ ಹೆಸರು, ಆ ದುಡ್ಡಲ್ಲಿ ಸೈನ್ಯ ಕೊಳ್ಳೋದು, ದಾಳ ಹಾಕಿ ಹೊಡೆದಾಡೋದು. ಈ ಆಟದಲ್ಲಿ ‘1942’ ಅನ್ನೋ ಹೆಸರಿನ ಒಂದು ಆವೃತ್ತಿ ಇದೆ, ಅದರ ಎರಡನೇ ಎಡಿಷನ್ ಲೆಕ್ಕ ಹೇಳ್ತೀನಿ: ಇನ್ಫೆಂಟ್ರಿ 3, ಆರ್ಟಿಲರಿ 4, ಟ್ಯಾಂಕ್ 6, ಫೈಟರ್ 10, ಬಾಂಬರ್ 12. ಇನ್ಫೆಂಟ್ರಿ ಅಟ್ಯಾಕ್ ಮಾಡುವಾಗ ದಾಳದಲ್ಲಿ 1 ಬಿದ್ರೆ ಮಾತ್ರ ಹಿಟ್, ಡಿಫೆಂಡ್ ಮಾಡುವಾಗ 2 ಅಥವಾ ಅದಕ್ಕಿಂತ ಕಮ್ಮಿ. ಟ್ಯಾಂಕ್‌ಗೆ ಅಟ್ಯಾಕಲ್ಲೂ ಡಿಫೆನ್ಸಲ್ಲೂ 3 ಅಥವಾ ಅದಕ್ಕಿಂತ ಕಮ್ಮಿ.

ಈಗ ಮುಖ್ಯ ವಿಷಯ. ಹಿಟ್ ಬಿದ್ದಾಗ ಯಾವ ಪೀಸ್ ಸಾಯಬೇಕು ಅನ್ನೋದನ್ನ ಹೊಡೆದವನು ಹೇಳಲ್ಲ, ಏಟು ತಿಂದವನೇ ಆರಿಸ್ತಾನೆ. ಇದೊಂದು ರೂಲ್‌ನಿಂದಲೇ ಫಾಡರ್ ಅನ್ನೋದು ಹುಟ್ಟಿದ್ದು. 12 ಕೊಟ್ಟು ತಂದ ಬಾಂಬರ್ ಸತ್ರೂ ಒಂದೇ ಹಿಟ್, 3 ಕೊಟ್ಟು ತಂದ ಕಾಲಾಳು ಸತ್ರೂ ಒಂದೇ ಹಿಟ್, ಅಂದ್ಮೇಲೆ ಯಾರಾದ್ರೂ ಬಾಂಬರ್ ತೆಗೀತಾರಾ?

ಒಂದು ಉದಾಹರಣೆ ನೋಡಿ. ಎದುರಾಳಿ ಹತ್ರ 5 ಇನ್ಫೆಂಟ್ರಿ ಇದೆ. ನಿಮ್ಮತ್ರ 30 ಐಪಿಸಿ ಬೆಲೆಯ ಸೈನ್ಯ. ಎಲ್ಲಾ ಟ್ಯಾಂಕೇ ತಗೊಂಡ್ರೆ 5 ಟ್ಯಾಂಕ್, ಮೊದಲ ರೌಂಡಲ್ಲಿ ಸರಾಸರಿ ಎರಡೂವರೆ ಹಿಟ್ ಬರುತ್ತೆ, ಭರ್ಜರಿ ಅನ್ಸುತ್ತೆ. ಅದರ ಬದಲು 6 ಇನ್ಫೆಂಟ್ರಿ ಪ್ಲಸ್ 2 ಟ್ಯಾಂಕ್ ತಗೊಂಡ್ರೆ ಸರಾಸರಿ 2 ಹಿಟ್ ಅಷ್ಟೇ. ಆದ್ರೆ ಅವ್ನು ತಿರುಗಿ ಹೊಡೆದು ಸುಮಾರು 2 ಹಿಟ್ ಮಾಡ್ತಾನಲ್ಲ, ಆಗ ಟ್ಯಾಂಕಿನವನಿಗೆ 12 ಐಪಿಸಿ ನಷ್ಟ, ಕಾಲಾಳು ಇಟ್ಕೊಂಡವನಿಗೆ 6. ಎರಡನೇ ರೌಂಡಿಗೆ ಬಂದ್ರೆ ಉಳಿದ 3 ಟ್ಯಾಂಕಿಂದ ಸರಾಸರಿ ಒಂದೂವರೆ ಹಿಟ್, 4 ಇನ್ಫೆಂಟ್ರಿ 2 ಟ್ಯಾಂಕಿಂದ ಅದಕ್ಕಿಂತ ಜಾಸ್ತಿ! ಮುಂದೆ ನಿಂತು ಸಾಯೋರು ಇದ್ರೆ ಹಿಂದೆ ಇರೋ ದುಬಾರಿ ಪೀಸ್ ಕೊನೇವರೆಗೂ ಹೊಡೀತಾ ಇರುತ್ತೆ. ಹಳೇ ಆಟಗಾರರು ಇನ್ಫೆಂಟ್ರಿ ಪುಷ್ ಅಂತ ಕರೆಯೋ ತಂತ್ರದ ಪೂರ್ತಿ ಜೀವ ಇಲ್ಲೇ ಇರೋದು. ರಷ್ಯಾಗೆ ಶುರುವಲ್ಲಿ 24 ಐಪಿಸಿ, ಅಂದ್ರೆ 8 ಕಾಲಾಳು, ಕಣ್ಮುಚ್ಕೊಂಡು ಅದನ್ನೇ ಕೊಳ್ಳೋರು ಎಷ್ಟೋ ಜನ. ಅಮೆರಿಕದವನ ಕೆಲ್ಸಾನೂ ಮುಕ್ಕಾಲು ಪಾಲು ಹಡಗಲ್ಲಿ ಫಾಡರ್ ತುಂಬಿ ಯುರೋಪಿಗೆ ಸಾಗಿಸೋದೇ, ಅದಕ್ಕೆ ಶಕ್ ಶಕ್ ಅಂತಾರೆ, ಹೋಗೋದು ಇಳಿಸೋದು ಬರೋದು. ಕೆಜಿಎಫ್ ಅಂತಾನೂ ಕೇಳಿರ್ತೀರಿ, ಅದು ಕೋಲಾರದ್ದಲ್ಲ, ಕಿಲ್ ಜರ್ಮನಿ ಫಸ್ಟ್, ಅಲ್ಲಿಗೂ ಬೇಕಾಗಿರೋದು ಇದೇ ಫಾಡರ್.

ನಂಗೆ ಈ ಆಟ ತುಂಬಾ ಇಷ್ಟ, ಆದ್ರೂ ಹೇಳ್ಬೇಕು, ಇದರಲ್ಲಿ ಒಂದು ಸಪ್ಪೆ ಜಾಗ ಇದೆ ಅಂದ್ರೆ ಅದು ಇದೇನೇ. ಯಾವ ಪೀಸ್ ತೆಗೀಬೇಕು ಅನ್ನೋದು ಹೆಸರಿಗೆ ಮಾತ್ರ ಆಯ್ಕೆ, ಕೈ ತಾನಾಗೇ ಕಾಲಾಳಿನ ಕಡೆ ಹೋಗುತ್ತೆ, ತೆಗೆದು ಡಬ್ಬಕ್ಕೆ ಹಾಕಿದ್ರೆ ಮುಗೀತು. ಸತ್ತವನಿಂದ ಮ್ಯಾಪ್ ಮೇಲೆ ಏನೂ ಉಳಿಯಲ್ಲ. ಹಾಗಾಗಿ ಎರಡೂ ಕಡೆಯವ್ರು ಟರ್ನ್ ಮೇಲೆ ಟರ್ನ್ ಕಾಲಾಳು ಗುಡ್ಡೆ ಹಾಕ್ತಾ, ಯಾರೂ ಮೊದಲು ಕೈ ಹಾಕದೆ, ಒಬ್ರನ್ನೊಬ್ರು ನೋಡ್ಕೊಂಡು ಕೂತಿರೋ ಆಟಗಳನ್ನ ಎಲ್ಲರೂ ಆಡಿರ್ತೀವಿ.

ಇಲ್ಲಿಗೆ ಜೋಂಬಿ, ಅಂದ್ರೆ ಎದ್ದು ಓಡಾಡೋ ಹೆಣಗಳು, ಬರ್ತಾವೆ. ಅವಲಾನ್ ಹಿಲ್ ಕಂಪನಿ 2018ರಲ್ಲಿ ತಂದ ಎಡಿಷನ್ ಹೆಸರು ಆಕ್ಸಿಸ್ ಅಂಡ್ ಅಲೈಸ್ ಅಂಡ್ ಜೋಂಬೀಸ್. ಹೆಸರು ಕೇಳಿದ್ ತಕ್ಷಣ ತುಂಬಾ ಜನ ಮುಖ ಸಿಂಡರಿಸಿದ್ರು, ಇತಿಹಾಸದ ಆಟಕ್ಕೆ ಇದೆಲ್ಲ ಯಾಕೆ ಅಂತ. ರೂಲ್ಸ್ ಓದಿ ನೋಡಿದ್ಮೇಲೆ ನನ್ನ ಅಭಿಪ್ರಾಯ ಬೇರೆ. ಪ್ರತಿ ಟರ್ನ್ ಒಂದು ಜೋಂಬಿ ಕಾರ್ಡ್ ಎತ್ತಬೇಕು, ಅದು ಹೇಳಿದ ಜಾಗದಲ್ಲಿ ಜೋಂಬಿ ಏಳುತ್ತೆ, ಅದು ಸರಿ. ಅಸಲಿ ಬದಲಾವಣೆ ಇನ್ನೊಂದು: ನೆಲದ ಮೇಲಿನ ಯುದ್ಧದಲ್ಲಿ ಸತ್ತ ಕಾಲಾಳು ಡಬ್ಬಕ್ಕೆ ಹೋಗಲ್ಲ, ಅದೇ ಜಾಗದಲ್ಲಿ ಜೋಂಬಿಯಾಗಿ ಎದ್ದು ನಿಲ್ಲುತ್ತೆ. ಟ್ಯಾಂಕ್ ಸತ್ರೆ ಆಗಲ್ಲ, ಆರ್ಟಿಲರಿ ಸತ್ರೆ ಆಗಲ್ಲ, ಇನ್ಫೆಂಟ್ರಿ ಸತ್ರೆ ಮಾತ್ರ. ಜೋಂಬಿಗೆ ನಮ್ಮವ್ರು ನಿಮ್ಮವ್ರು ಅಂತ ಇಲ್ಲ, ಅಲ್ಲಿ ಯಾರಿದ್ರೂ ಮೇಲೆ ಬೀಳುತ್ತೆ. ಒಂದು ಜಾಗದಲ್ಲಿ ಜೋಂಬಿ ಮಾತ್ರ ಉಳಿದ್ರೆ ಅದು ಜೋಂಬಿಗಳದ್ದೇ, ಅಲ್ಲಿಂದ ಯಾರಿಗೂ ದುಡ್ಡು ಬರಲ್ಲ.

ಈಗ ಮೇಲಿನ ಉದಾಹರಣೆಗೇ ವಾಪಸ್ ಬನ್ನಿ. 6 ಇನ್ಫೆಂಟ್ರಿ 2 ಟ್ಯಾಂಕ್ ತಗೊಂಡು ಹೋದವನು ಮೊದಲ ರೌಂಡಲ್ಲಿ ತನ್ನ 2 ಕಾಲಾಳು ಕಳ್ಕೊಂಡ, ಎದುರಾಳಿದೂ 2 ಹೋಯ್ತು, ಅಂದ್ರೆ ಒಂದೇ ರೌಂಡಿಗೆ ಅಲ್ಲಿ 4 ಜೋಂಬಿ. ಗೆದ್ದು ಆ ಜಾಗ ಹಿಡಿದ್ರೆ ಆ ಜೋಂಬಿಗಳ ಕಾಟಾನೂ ಜೊತೆಗೇ ಬರುತ್ತೆ. ಐದು ಟ್ಯಾಂಕಿನವನು ಜಾಸ್ತಿ ದುಡ್ಡು ಕಳ್ಕೊಂಡ, ನಿಜ, ಆದ್ರೆ ಅವನ ಕಡೆಯಿಂದ ಒಂದು ಜೋಂಬಿನೂ ಹುಟ್ಲಿಲ್ಲ. 3ರ ಕಾಲಾಳು ತೆಗೀಲಾ 4ರ ಆರ್ಟಿಲರಿ ತೆಗೀಲಾ ಅನ್ನೋದು ಮೊದಲ ಸಲ ನಿಜವಾದ ಪ್ರಶ್ನೆ ಆಗುತ್ತೆ, 1 ಐಪಿಸಿ ಜಾಸ್ತಿ ಕೊಟ್ಟು ಒಂದು ಜೋಂಬಿ ತಪ್ಪಿಸ್ಕೊಳ್ಳೋದು ಲಾಭನಾ ನಷ್ಟನಾ ಅಂತ ಕೂತು ಯೋಚ್ನೆ ಮಾಡ್ಬೇಕು.

ಅದಕ್ಕೆ ಉತ್ತರ ಒಂದೇ ಥರ ಇರಲ್ಲ ಅನ್ನೋದೇ ನಂಗೆ ಹಿಡಿಸಿದ್ದು. ಆ ಜಾಗ ಉಳಿಸ್ಕೊಳ್ತೀನಿ ಅನ್ನೋ ನಂಬಿಕೆ ಇದ್ರೆ ಅಲ್ಲಿ ನಿಮ್ಮ ಕಾಲಾಳು ಸಾಯೋದು ನಿಮಗೇ ಕಷ್ಟ. ಜಾಗ ಕೈ ತಪ್ಪೋದು ಖಾತ್ರಿ ಅಂದ್ರೆ ಸಾಯ್ಲಿ ಬಿಡಿ, ಗೆದ್ದವನೇ ಅನುಭವಿಸ್ಲಿ. 1941ರಲ್ಲಿ ರಷ್ಯಾದವ್ರು ಹಿಂದೆ ಸರಿಯುವಾಗ ಬೆಳೆ, ಸೇತುವೆ, ಕಾರ್ಖಾನೆ ಏನೂ ಜರ್ಮನ್ನರ ಕೈಗೆ ಸಿಗದ ಹಾಗೆ ನಾಶ ಮಾಡ್ಕೊಂಡೇ ಹೋದ್ರಲ್ಲ, ಅದರ ನೆರಳು ಮಾಮೂಲಿ ಎಡಿಷನ್ನಲ್ಲಿ ಎಲ್ಲೂ ಇಲ್ಲ, ವಿಚಿತ್ರ ಅಂದ್ರೆ ಜೋಂಬಿ ಎಡಿಷನ್ನಲ್ಲಿ ಇದೆ. ಸ್ಟ್ರೇಫ್ ಅಂತ ಇನ್ನೊಂದು ಪದ ಇದೆ, ಜಾಗ ಹಿಡಿಯೋ ಆಸೆ ಇಲ್ದೆ ಒಂದೆರಡು ರೌಂಡ್ ಹೊಡೆದು ವಾಪಸ್ ಬರೋದು. ಇಲ್ಲಿ ಸ್ಟ್ರೇಫ್ ಮಾಡಿ ಬಂದ್ರೆ ಸತ್ತ ನಿಮ್ಮ ಕಾಲಾಳೂ ಅವನ ಕಾಲಾಳೂ ಜೋಂಬಿಯಾಗಿ ಅವನ ಮಧ್ಯಾನೇ ಉಳೀತಾವೆ. ಅಂದ್ರೆ ಸ್ಟ್ರೇಫ್‌ಗೆ ಬೆಲೆ ಜಾಸ್ತಿ ಆಗುತ್ತೆ, ಗುಡ್ಡೆ ಹಾಕ್ಕೊಂಡು ಕೂರೋದಕ್ಕೆ ಕಮ್ಮಿ ಆಗುತ್ತೆ ಅಂತ ನನ್ನ ಅಂದಾಜು.

ಇಂಡಿಯಾನೂ ಈ ಮ್ಯಾಪಲ್ಲಿ ಇದೆ, ಬ್ರಿಟನ್ ಕೈಲಿ. 1942ರ ಎರಡನೇ ಎಡಿಷನ್ನಲ್ಲಿ ಅಲ್ಲಿ ಟರ್ನಿಗೆ 3 ಪೀಸ್ ಇಳಿಸಬಹುದು, ಜಪಾನ್ ಬರ್ಮಾ ಕಡೆಯಿಂದ ಒತ್ತುವಾಗ ಬಹಳ ಸಲ ಆ ಮೂರೂ ಕಾಲಾಳೇ. ಫಾಡರ್ ಅಂತ ಸಲೀಸಾಗಿ ಹೇಳ್ತೀವಿ, ನಿಜವಾದ ಯುದ್ಧದಲ್ಲಿ ಹೋದ ಭಾರತೀಯ ಸೈನಿಕರು 87 ಸಾವಿರಕ್ಕೂ ಜಾಸ್ತಿ, ಅದನ್ನ ಮರೀಬಾರ್ದು. ಕಾಲಾಳು ಸತ್ರೆ ಏನೂ ಆಗಲ್ಲ ಅನ್ನೋ ಲೆಕ್ಕ ಆಟದಲ್ಲಾದ್ರೂ ಮುರಿದುಬಿದ್ರೆ ನಂಗೆ ಅದರಲ್ಲೇನೂ ತಪ್ಪು ಕಾಣಲ್ಲ.

ನಮ್ಮ ಗುಂಪಿಗೆ ಜೋಂಬಿ ಎಡಿಷನ್ ಡಬ್ಬ ಇನ್ನೂ ಬಂದಿಲ್ಲ, ಕಾಯ್ತಾ ಇದೀವಿ. 1942ರ ಎರಡನೇ ಎಡಿಷನ್ ಬೋರ್ಡ್ ಮೇಲೆ ಜೋಂಬಿ ಸೇರಿಸಿ ಆಡೋಕೆ ಬೇರೆ ಕಾರ್ಡೂ ಆ ಡಬ್ಬದಲ್ಲೇ ಇದಾವೆ, ಹಾಗಾಗಿ ಹಳೇ ಬೋರ್ಡ್ ಇರೋರು ಅದನ್ನ ಮೂಲೆಗೆ ಹಾಕ್ಬೇಡಿ. ಆ ಹಳೇ ಬೋರ್ಡ್ ಮೇಲೆ ಜೋಂಬಿ ಸೇರಿಸಿ ಆಡೋ ಮೊದಲ ಆಟಕ್ಕೆ ನಾನು ರಷ್ಯಾ ಕೇಳಿಟ್ಟಿದೀನಿ. 24 ಐಪಿಸಿಗೆ 8 ಕಾಲಾಳು ಬದಲು 4 ಕಾಲಾಳು 3 ಆರ್ಟಿಲರಿ ಕೊಂಡು, ಗಡಿ ಜಾಗಗಳಲ್ಲಿ ಕಾಲಾಳು ಬಿಟ್ಟು ಆರ್ಟಿಲರಿನ ಮಾಸ್ಕೋ ಹತ್ರಾನೇ ಇಟ್ಕೊಂಡು, ಜರ್ಮನಿ ಒಂದೊಂದು ಜಾಗ ಹಿಡಿದಾಗಲೂ ಅಲ್ಲಿ ಜೋಂಬಿ ಜೊತೆ ಏಗೋ ಹಾಗೆ ಮಾಡ್ಬೇಕು ಅಂತ ಪ್ಲಾನ್. ಜರ್ಮನಿ ತಗೊಂಡಿರೋ ಗೆಳೆಯ ಇದನ್ನ ಓದಿದ್ರೆ ಅವನು ಟ್ಯಾಂಕೇ ಜಾಸ್ತಿ ತರ್ತಾನೆ, ತರ್ಲಿ, ಒಂದೊಂದಕ್ಕೆ 6 ಕೊಡ್ಬೇಕಲ್ಲ.