ಗದ್ದಲದಲ್ಲಿ ಬರೆಯಬಹುದು, ಪಿಸುಮಾತಿನ ಪಕ್ಕ ಕಷ್ಟ

ಬರೆಯಲು ಸದ್ದಿಲ್ಲದ ಒಂದು ಜಾಗ ಸಿಕ್ಕಿದರೆ ಸಾಕು ಅಂತ ಬಹಳ ಜನ ಹೇಳುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸುಮ್ನೆ ಇರಲು ಆಗುವುದಿಲ್ಲ. ಬರವಣಿಗೆ ಕೆಡಿಸುವುದರಲ್ಲಿ ಸದ್ದಿಗಿಂತ ಮಾತಿನ ಪಾಲೇ ಜಾಸ್ತಿ.

ಮೊನ್ನೆ ಒಂದು ಉದ್ದನೆಯ ವಾಕ್ಯದ ಮಧ್ಯದಲ್ಲಿದ್ದೆ. ಮೇಲೆ ಫ್ಯಾನ್ ಗರಗರ ಅನ್ನುತ್ತಿತ್ತು, ಹೊರಗೆ ಮಳೆ ಜೋರಾಗಿ ಸುರಿಯುತ್ತಿತ್ತು. ಎರಡೂ ನನ್ನ ಗಮನಕ್ಕೇ ಬಂದಿರಲಿಲ್ಲ. ಅಷ್ಟರಲ್ಲಿ ಗೋಡೆಯಾಚೆ ಯಾರೋ ಫೋನಿನಲ್ಲಿ ಮೆಲ್ಲಗೆ, "ಹೌದಾ? ಯಾವಾಗ? ಅದಕ್ಕೆ ಅವಳೇನಂದಳು?" ಅಂದರು. ಅಷ್ಟೇ. ವಾಕ್ಯದ ಕೊನೆಗೆಂದು ಹಿಡಿದಿಟ್ಟುಕೊಂಡಿದ್ದ ಪದ ಹಾರಿಹೋಯಿತು.

ಯಾಕೆ ಹೀಗೆ? ಬರೆಯುವಾಗ ವಾಕ್ಯವನ್ನು ಮೊದಲು ಮನಸ್ಸಿನೊಳಗೆ ಹೇಳಿಕೊಳ್ಳುತ್ತೇವೆ. ಆ ಒಳದನಿಗೆ ಮಿದುಳಿನಲ್ಲಿ ಸಿಗುವ ಜಾಗ ತೀರಾ ಚಿಕ್ಕದು. 1974ರಲ್ಲಿ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ಎಂಬ ಮನೋವಿಜ್ಞಾನಿಗಳು 'ವರ್ಕಿಂಗ್ ಮೆಮೊರಿ'ಯ, ಅಂದರೆ ಕೆಲಸ ಮಾಡುತ್ತಿರುವಾಗ ಬೇಕಾದದ್ದನ್ನು ಸ್ವಲ್ಪ ಹೊತ್ತು ಹಿಡಿದಿಡುವ ನೆನಪಿನ, ಮಾದರಿಯೊಂದನ್ನು ಮುಂದಿಟ್ಟರು. ಅದರ ಪ್ರಕಾರ ಪದಗಳ ದನಿ ಒಳಗೆ ಒಂದೆರಡು ಸೆಕೆಂಡಷ್ಟೇ ಉಳಿಯುತ್ತದೆ. ಮತ್ತೆ ಮತ್ತೆ ಹೇಳಿಕೊಳ್ಳದಿದ್ದರೆ ಅಳಿಸಿಹೋಗುತ್ತದೆ. ಬೊಗಸೆಯಲ್ಲಿ ನೀರು ಹಿಡಿದು ನಡೆದ ಹಾಗೆ. ಒಬ್ಬರೇ ದಾಟಬಹುದಾದ ಕಾಲುಸಂಕದ ಹಾಗೆ ಅಂದರೆ ಇನ್ನೂ ಸರಿ: ನಿಮ್ಮ ವಾಕ್ಯ ನಡುವೆ ಇರುವಾಗ ಆ ಕಡೆಯಿಂದ ಬೇರೆಯವರ ಮಾತು ನುಗ್ಗುತ್ತದೆ. ಕಿವಿಗೆ ರೆಪ್ಪೆ ಇಲ್ಲವಲ್ಲ, ತಡೆಯುವುದು ಹೇಗೆ?

ಆ ಮಾತು ಅರ್ಥವಾಗಬೇಕೆಂದೂ ಇಲ್ಲ. 1976ರಲ್ಲಿ ಕೋಲ್ ಮತ್ತು ವೆಲ್ಶ್ ಎಂಬ ಸಂಶೋಧಕರು ಜರ್ಮನ್ ಬಾರದವರಿಗೆ ಅಕ್ಷರಗಳ ಸಾಲನ್ನು ನೆನಪಿಡಲು ಹೇಳಿ, ಜೊತೆಗೆ ಜರ್ಮನ್ ಓದು ಕೇಳಿಸಿದರು. ತಪ್ಪುಗಳು ಹೆಚ್ಚಾದವು. ಮುಂದಿನ ಪ್ರಯೋಗಗಳಲ್ಲಿ ಮಾತಿನ ದನಿ ತಗ್ಗಿಸಿದರೂ ತೊಂದರೆ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಒಂದೇ ಸಮ ಮೊರೆಯುವ ಸದ್ದು ಮಾತ್ರ ಅಷ್ಟು ಕಾಡಲಿಲ್ಲ. ಏರಿಳಿಯುತ್ತ, ಕ್ಷಣಕ್ಷಣಕ್ಕೂ ಬದಲಾಗುವ ದನಿಯೇ ಕಳ್ಳ. ಇನ್ನು ಫೋನಿನ ಒಂದು ಬದಿಯ ಮಾತು ಕೇಳಿಸಿದರಂತೂ, ಕೇಳಿಸದ ಇನ್ನೊಂದು ಬದಿಯವರು ಏನಂದಿರಬಹುದು ಅಂತ ಮಿದುಳು ಊಹಿಸಲು ಹೊರಡುತ್ತದೆ. ಪೂರ್ತಿ ಸಂಭಾಷಣೆಗಿಂತ ಅರ್ಧ ಸಂಭಾಷಣೆಯೇ ಗಮನವನ್ನು ಹೆಚ್ಚು ಕೆಡಿಸುತ್ತದೆ ಎಂದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಪೂರ್ತಿ ನಿಶ್ಶಬ್ದದ ಹಿಂದೆ ಹೋದವರ ಕಥೆ ನೋಡಿ. ಲಂಡನ್ನಿನ ಚೆಲ್ಸಿಯಲ್ಲಿದ್ದ ಲೇಖಕ ಥಾಮಸ್ ಕಾರ್ಲೈಲ್‌ಗೆ ನೆರೆಮನೆಯ ಹುಂಜಗಳ ಕೂಗು ತಡೆಯಲಾಗುತ್ತಿರಲಿಲ್ಲ. 1853ರಲ್ಲಿ ಮನೆಯ ತುತ್ತತುದಿಯಲ್ಲಿ ಸದ್ದು ತೂರದ ಕೋಣೆ ಕಟ್ಟಿಸಲು ಹೊರಟ. ಜೋಡಿ ಗೋಡೆ, ಬೆಳಕಿಗೆ ಚಾವಣಿಯಲ್ಲಿ ಗಾಜು. ಆದರೂ ಸದ್ದು ಬಂತು. ಮೊದಲು ಕೇಳಿಸದಿದ್ದ ದೂರದ ಸದ್ದುಗಳೂ ಅಲ್ಲಿ ಕೇಳಿಸತೊಡಗಿದವು. ನನಗೆ ಆತನ ಬಗ್ಗೆ ನಿಜಕ್ಕೂ ಮರುಕವಿದೆ. ಹಿನ್ನೆಲೆಯ ಸದ್ದನ್ನು ಒರೆಸಿಹಾಕಿದರೆ ಉಳಿದ ಚೂರುಪಾರು ಸದ್ದೇ ದೊಡ್ಡದಾಗುತ್ತದೆ. ಬಿಳಿ ಬಟ್ಟೆ ಮೇಲಿನ ಕಲೆ ಕಣ್ಣಿಗೆ ಹೊಡೆಯುತ್ತದೆ, ಅಲ್ವಾ?

ಹಾಗಾಗಿಯೇ ಕೆಲವರಿಗೆ ತುಂಬಿದ ರೈಲಿನಲ್ಲಿ ಬರೆಯಲಾಗುತ್ತದೆ, ಇಬ್ಬರು ಪಿಸುಗುಟ್ಟುವ ಗ್ರಂಥಾಲಯದಲ್ಲಿ ಆಗುವುದಿಲ್ಲ. ಹತ್ತಾರು ದನಿಗಳು ಒಂದರಲ್ಲೊಂದು ಬೆರೆತರೆ ಏರಿಳಿತಗಳು ಕರಗಿ ಬರೀ ಮೊರೆತ ಉಳಿಯುತ್ತದೆ. ಇಬ್ಬರದಾದರೆ ಒಂದೊಂದು ಪದವೂ ಬಿಡಿಯಾಗಿ ಬಂದು ಚುಚ್ಚುತ್ತದೆ. ಇಯರ್‌ಫೋನ್ ಹಾಕಿಕೊಂಡು ಹಾಡು ಕೇಳುತ್ತ ಬರೆಯುವವರಿಗೂ ಇದೇ ತೊಂದರೆ. ವಾದ್ಯವಾದರೆ ಅಷ್ಟಿಲ್ಲ, ಸಾಹಿತ್ಯವಿರುವ ಹಾಡಾದರೆ ಆ ಸಾಲುಗಳು ನಿಮ್ಮ ಸಾಲುಗಳ ಜಾಗಕ್ಕೇ ಬಂದು ಕೂರುತ್ತವೆ.

ಹೊಸ ಜಾಗದಲ್ಲಿ ಕುರ್ಚಿ ಎಳೆದುಕೊಂಡಾಗ ನಾನು ಎರಡು ನಿಮಿಷ ಕಣ್ಣು ಮುಚ್ಚಿ ಕೂರುತ್ತೇನೆ. ಪದಗಳು ಬಿಡಿಬಿಡಿಯಾಗಿ ಕೇಳಿಸಿದರೆ ಎದ್ದು ಬೇರೆ ಮೂಲೆ ಹುಡುಕುತ್ತೇನೆ. ಬರೀ ಗುಂಯ್ ಅನ್ನುತ್ತಿದ್ದರೆ ಪೆನ್ನು ತೆಗೆಯುತ್ತೇನೆ.