ಗೋಡೆ ಸರಿದಿಲ್ಲ, ಲೆನ್ಸ್ ಬದಲಾಗಿದೆ

ಪ್ರಶ್ನೆ: ಕೊಲೆ ಮೊಕದ್ದಮೆಯೊಂದರ ತೀರ್ಪಿಗಾಗಿ ಹನ್ನೆರಡು ಜ್ಯೂರಿ ಸದಸ್ಯರು ವಾದಿಸುವ ಅಮೆರಿಕನ್ ಚಿತ್ರ ‘12 ಆಂಗ್ರಿ ಮೆನ್’ ಹೆಚ್ಚುಕಡಿಮೆ ಒಂದೇ ಕೋಣೆಯಲ್ಲಿ ನಡೆಯುತ್ತದೆ. ನೋಡುತ್ತ ಹೋದಂತೆ ಕೋಣೆ ಕಿರಿದಾದ ಹಾಗೆ ಅನಿಸುತ್ತದೆ. ಸೆಟ್ಟಿನ ಗೋಡೆಗಳನ್ನು ಒಳಗೆ ತಳ್ಳಿದ್ದರೇ? ನಿರ್ದೇಶಕ ಸಿಡ್ನಿ ಲ್ಯುಮೆಟ್ ಟಿವಿಯಿಂದ ಬಂದವರು ಎಂಬುದಕ್ಕೂ ಇದಕ್ಕೂ ಸಂಬಂಧವಿದೆಯೇ?

ತಳ್ಳಿದ್ದಲ್ಲ. ಲ್ಯುಮೆಟ್ ಮತ್ತು ಛಾಯಾಗ್ರಾಹಕ ಬೋರಿಸ್ ಕಾಫ್‌ಮನ್ ಬದಲಿಸಿದ್ದು ಲೆನ್ಸು, ಕ್ಯಾಮೆರಾದ ಎತ್ತರ ಎರಡನ್ನೇ. ಶುರುವಿನಲ್ಲಿ 28ರಿಂದ 40 ಎಂಎಂ ಲೆನ್ಸ್, ಆಮೇಲೆ 50, 75, ಕೊನೆಗೆ 100 (ಈ ಸಂಖ್ಯೆ ದೊಡ್ಡದಾದಷ್ಟೂ ಲೆನ್ಸಿಗೆ ಕಾಣುವ ನೋಟ ಕಿರಿದು). ಕ್ಯಾಮೆರಾ ಮೊದಲ ಮೂರನೇ ಒಂದು ಭಾಗದಲ್ಲಿ ಕಣ್ಣಿನ ಮಟ್ಟಕ್ಕಿಂತ ಮೇಲೆ, ನಡುವಿನಲ್ಲಿ ಕಣ್ಣಿಗೆ ಸಮ, ಕೊನೆಯಲ್ಲಿ ಕೆಳಗೆ. ಹಾಗಾಗಿ ಕೊನೆಕೊನೆಗೆ ಛಾವಣಿಯೂ ಫ್ರೇಮಿನೊಳಗೆ ಬರುತ್ತದೆ.

ಲೆಕ್ಕ ಹಾಕಿ ನೋಡಿ. 35 ಎಂಎಂ ಫಿಲ್ಮಿನ ಫ್ರೇಮು ಸುಮಾರು 22 ಎಂಎಂ ಅಗಲ. ಮುಖದ ಬಳಿ 2.2 ಅಡಿ ಅಗಲ ಕಾಣಬೇಕೆಂದರೆ 28 ಎಂಎಂ ಲೆನ್ಸಿಗೆ 2.8 ಅಡಿ ದೂರ ಸಾಕು, 100 ಎಂಎಂಗೆ 10 ಅಡಿ ಬೇಕು. ಮುಖದಿಂದ ಆರು ಅಡಿ ಹಿಂದೆ ಗೋಡೆ ಇದ್ದರೆ, ಮೊದಲನೆಯದರಲ್ಲಿ ಗೋಡೆ ಸುಮಾರು 7 ಅಡಿಯಷ್ಟು ಕಾಣುತ್ತದೆ, ಎರಡನೆಯದರಲ್ಲಿ ಬರೀ ಮೂರೂವರೆ ಅಡಿ. ಮುಖ ಅಷ್ಟೇ ದೊಡ್ಡದು, ಗೋಡೆ ಮಾತ್ರ ಬೆನ್ನಿಗೇ ಅಂಟಿದಂತೆ. ನಿಂತಲ್ಲೇ ಜೂಮ್ ಮಾಡಿದರೆ ಇದು ಸಿಗುವುದಿಲ್ಲ. ಕ್ಯಾಮೆರಾವನ್ನೇ ಹಿಂದಕ್ಕೆ ಒಯ್ಯಬೇಕು. ಶಾರ್ಟ್ ಫಿಲ್ಮ್ ಮಾಡುವವರು ಎಡವುವುದು ಇಲ್ಲೇ: ಮನೆಯ ಹತ್ತಡಿ ಕೋಣೆಯಲ್ಲಿ ಹಿಂದೆ ಸರಿಯಲು ಜಾಗವೆಲ್ಲಿ? ಬಾಗಿಲ ಆಚೆಯಿಂದ ತೆಗೆಯಬಹುದೇ ಎಂದು ಮೊದಲೇ ನೋಡಿಕೊಳ್ಳಿ.

ಇನ್ನು ಟಿವಿಯ ವಿಷಯ. ಲ್ಯುಮೆಟ್ 1950ರಲ್ಲಿ ಅಮೆರಿಕದ ಟಿವಿ ಸಂಸ್ಥೆ ಸಿಬಿಎಸ್ ಸೇರಿ ‘ಡೇಂಜರ್’, ‘ಯೂ ಆರ್ ದೇರ್’ನಂಥ ನೇರಪ್ರಸಾರದ ಕಾರ್ಯಕ್ರಮಗಳನ್ನು ನಿರ್ದೇಶಿಸಿದವರು. ಆಗಿನ ಸ್ಟುಡಿಯೋ ಕ್ಯಾಮೆರಾದ ಮುಂದೆ ನಾಲ್ಕು ಲೆನ್ಸುಗಳ ತಿರುಗುಚಕ್ರ ಇರುತ್ತಿತ್ತು. ಅದನ್ನು ತಿರುಗಿಸಿದರೆ ಚಿತ್ರ ಕಲಕುತ್ತದೆ, ಆದ್ದರಿಂದ ಬೇರೆ ಕ್ಯಾಮೆರಾ ಪ್ರಸಾರದಲ್ಲಿರುವಾಗಲೇ ತಿರುಗಿಸಬೇಕು. ಯಾವ ಮಾತಿಗೆ ಯಾವ ಲೆನ್ಸ್ ಎಂಬುದು ತಾಲೀಮಿನಲ್ಲೇ ಪಕ್ಕಾ ಆಗಿರಬೇಕಾಗುತ್ತಿತ್ತು. ಅಂದಹಾಗೆ, ಇದೇ ಕಥೆ ಮೊದಲು 1954ರಲ್ಲಿ ಟಿವಿಯಲ್ಲಿ ಬಂದಾಗ ನಿರ್ದೇಶಿಸಿದ್ದು ಫ್ರಾಂಕ್ಲಿನ್ ಶಾಫ್ನರ್. ಅದು ಲ್ಯುಮೆಟ್ ಅವರದೆಂದು ಹಲವರು ತಪ್ಪು ತಿಳಿದಿದ್ದಾರೆ.

1957ರ ಚಿತ್ರಕ್ಕೆ ಎರಡು ವಾರ ತಾಲೀಮು ನಡೆಯಿತು. ಅದಿಲ್ಲದಿದ್ದರೆ ಚಿತ್ರೀಕರಣ ಕೆಟ್ಟೇ ಹೋಗುತ್ತಿತ್ತು ಎನ್ನಬೇಕು. ಪ್ರತಿ ಶಾಟ್‌ಗೂ ಲೈಟ್ ಬದಲಿಸುವಷ್ಟು ದುಡ್ಡಿರಲಿಲ್ಲ. ಹಾಗಾಗಿ ಒಂದು ದಿಕ್ಕಿಗೆ ಲೈಟ್ ಕಟ್ಟಿ, ಕಥೆಯಲ್ಲಿ ಎಲ್ಲೇ ಬರಲಿ, ಆ ದಿಕ್ಕಿನ ಶಾಟ್‌ಗಳನ್ನೆಲ್ಲ ಮುಗಿಸುತ್ತಿದ್ದರು. ಮುಖ್ಯ ನಟರಾದ ಹೆನ್ರಿ ಫಾಂಡಾ, ಲೀ ಜೆ. ಕಾಬ್ ಎದುರುಬದುರು ಜಗಳವಾಡುವಲ್ಲಿ ಒಬ್ಬರ ಮಾತು ಚಿತ್ರೀಕರಿಸಿ ದಿನಗಳಾದ ಮೇಲೆ ಇನ್ನೊಬ್ಬರ ಉತ್ತರ. ಸಿಟ್ಟಿನ ಮಟ್ಟವೂ ಅಂಗಿಯ ಬೆವರೂ ಎರಡೂ ಕಡೆ ತಾಳೆಯಾಗಬೇಕಲ್ಲ! ಬಿಸಿಲು, ಮೋಡ, ದೀಪ ಹಾಕಿದ ಮೇಲಿನ ಬೆಳಕು ಎಂದು ಬೆಳಕೂ ಬೇರೆ ಬೇರೆ.

ಇಷ್ಟಾಗಿ, ಲೆನ್ಸಿನ ಈ ಏರಿಕೆಯನ್ನು ನಾನಂತೂ ಟಿವಿಯ ಖಾತೆಗೆ ಬರೆಯುವುದಿಲ್ಲ. ತಾಲೀಮು, ಶಿಸ್ತು ಟಿವಿಯ ಕೊಡುಗೆ. ನಿಂತು ಲೈಟ್ ಕಟ್ಟಿ, ಒಂದೇ ಕ್ಯಾಮೆರಾವನ್ನು ಬೇಕಾದ ದೂರಕ್ಕೆ ಒಯ್ಯುವ ಬಿಡುವು ನೇರಪ್ರಸಾರದಲ್ಲಿ ಸಿಗುತ್ತಿರಲಿಲ್ಲ.