‘ಸಾಯಿಲ್ ಟೆಸ್ಟ್ ಆಗಿದೆ’ ಅಂದರೆ ಯಾವ ಟೆಸ್ಟ್?

ಹಳೇ ಕಾರ್ಖಾನೆ ಜಾಗದಲ್ಲಿ ಮಾಲ್ ಕಟ್ಟಲು ಹೊರಟವರು ನನ್ನ ಹತ್ತಿರ ಬಂದಾಗ ಮೊದಲು ಹೇಳುವ ಮಾತು ಇದು: “ಸಾಯಿಲ್ ಟೆಸ್ಟ್ ಎಲ್ಲ ಆಗಿದೆ ಮೇಡಂ.” ದಪ್ಪನೆಯ ಫೈಲೊಂದನ್ನು ಮೇಜಿನ ಮೇಲೆ ಇಡುತ್ತಾರೆ. ತೆರೆದು ನೋಡಿದರೆ ಅದರಲ್ಲಿ ಇರುವುದು ಮಣ್ಣಿನ ಶಕ್ತಿಯ ಲೆಕ್ಕ. ಮಣ್ಣಿನ ಆರೋಗ್ಯದ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ನಾನು ಪರಿಸರ ಇಂಜಿನಿಯರ್. ಕಟ್ಟಡ ಏಳುವ ಮೊದಲು ಅದರ ಅಡಿಯ ಮಣ್ಣು, ನೀರು ಪರೀಕ್ಷೆ ಮಾಡುವುದು ನನ್ನ ಕೆಲಸ. ಈ ಎರಡು ಟೆಸ್ಟ್‌ಗಳ ವ್ಯತ್ಯಾಸ ತಿಳಿಸಿ ಹೇಳುವುದರಲ್ಲೇ ಅರ್ಧ ದಿನ ಕಳೆಯುತ್ತದೆ.

ಫೈಲಿನಲ್ಲಿ ಇರುವ ಟೆಸ್ಟ್ ಹೇಗೆ ಮಾಡುತ್ತಾರೆ ಅಂತ ನೀವೂ ಎಲ್ಲಾದರೂ ನೋಡಿರುತ್ತೀರಿ. ಖಾಲಿ ಸೈಟಿನಲ್ಲಿ ಮೂರು ಕಾಲಿನ ಕಂಬ ನಿಲ್ಲಿಸಿರುತ್ತಾರೆ. ನೆಲಕ್ಕೆ ಊರಿದ ಕೊಳವೆಯ ತಲೆ ಮೇಲೆ 63.5 ಕೆ.ಜಿ. ತೂಕದ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಮತ್ತೆ ಮತ್ತೆ ಬೀಳಿಸುತ್ತಾರೆ. ಮೊದಲ 15 ಸೆಂ.ಮೀ. ಬಿಟ್ಟು, ಆಮೇಲಿನ 30 ಸೆಂ.ಮೀ. ಕೊಳವೆ ಇಳಿಯಲು ಎಷ್ಟು ಏಟು ಬೇಕಾಯಿತು ಅಂತ ಎಣಿಸುತ್ತಾರೆ. ಏಟು ಜಾಸ್ತಿ ಆದಷ್ಟೂ ನೆಲ ಗಟ್ಟಿ. ಅಡಿಪಾಯ ಎಷ್ಟು ಆಳ ಹೋಗಬೇಕು ಅನ್ನುವುದಕ್ಕೆ ಇದು ಬೇಕೇ ಬೇಕು. ಆದರೆ ಆ ಮಣ್ಣಿನಲ್ಲಿ ಸೀಸ ಇದೆಯಾ, ಕ್ರೋಮಿಯಂ ಇದೆಯಾ, ಹಳೇ ಎಣ್ಣೆ ಇಳಿದಿದೆಯಾ ಅನ್ನುವುದನ್ನು ಸುತ್ತಿಗೆ ಹೇಳುವುದಿಲ್ಲ.

ಇನ್ನೊಂದು ಫೈಲೂ ಬರುತ್ತದೆ. ಕೇಂದ್ರ ಪರಿಸರ ಸಚಿವಾಲಯದ 2006ರ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚು ಕಟ್ಟುವವರು ಪರಿಸರ ಅನುಮತಿ ಪಡೆಯಬೇಕು. ಅದರ ವರದಿಯಲ್ಲೂ ‘ಮಣ್ಣಿನ ಗುಣ’ ಅಂತ ಒಂದು ಪುಟ ಇರುತ್ತದೆ. ನಾನು ನೋಡಿರುವ ಎಷ್ಟೋ ವರದಿಗಳಲ್ಲಿ ಆ ಪುಟದಲ್ಲಿ ಇದ್ದದ್ದು ಸಾರಜನಕ, ರಂಜಕ, ಪೊಟ್ಯಾಷ್, ಹುಳಿ-ಕ್ಷಾರದ ಅಳತೆ. ರಾಗಿ ಬೆಳೆಯುವ ರೈತರಿಗೆ ಬೇಕಾದ ಮಾಹಿತಿ ಅದು. ಐವತ್ತು ವರ್ಷ ಯಂತ್ರ ಓಡಿದ ಜಾಗಕ್ಕೆ ಕೇಳಬೇಕಾದ ಪ್ರಶ್ನೆ ಬೇರೆ.

ಬೆಂಗಳೂರಿನವರಿಗೆ ಈ ಮಾತು ದೂರದ್ದಲ್ಲ. ಸಂಪಿಗೆ ರಸ್ತೆಯ ತುದಿಯಲ್ಲಿ ರಾಜಾ ಮಿಲ್ ಇದ್ದ ಕಡೆ ಈಗ ಮಂತ್ರಿ ಸ್ಕ್ವೇರ್ ಇದೆ. ಓರಾಯನ್ ಮಾಲ್ ಇರುವ ಬ್ರಿಗೇಡ್ ಗೇಟ್‌ವೇ ಎದ್ದದ್ದು ಕಿರ್ಲೋಸ್ಕರ್ ಕಾರ್ಖಾನೆಯ ಜಾಗದಲ್ಲಿ. ಯು.ಬಿ. ಸಿಟಿ ಇರುವುದು ಬಿಯರ್ ಕಾರ್ಖಾನೆಯ ಜಾಗದಲ್ಲಿ. ಊರು ಬೆಳೆಯಿತು, ಊರ ಹೊರಗಿದ್ದ ಕಾರ್ಖಾನೆ ಊರ ನಡುವೆ ಬಂತು, ನೆಲದ ಬೆಲೆ ಮುಂದೆ ಯಂತ್ರದ ದುಡಿಮೆ ಸಾಲದೆ ಹೋಯಿತು. ಇನ್ನೂ ಎಷ್ಟೋ ಶೆಡ್ಡುಗಳು ಬೀಗ ಹಾಕಿಕೊಂಡು ತಮ್ಮ ಸರದಿ ಕಾಯುತ್ತಿವೆ. ಈ ಜಾಗಗಳಲ್ಲಿ ಮತ್ತೆ ಜನ ಓಡಾಡಬೇಕು ಅನ್ನುವುದು ನನ್ನ ಆಸೆಯೂ ಹೌದು. ಊರಾಚೆ ಹೊಲ ಮುಚ್ಚಿ ಕಟ್ಟುವುದಕ್ಕಿಂತ ಮೆಟ್ರೋ ಪಕ್ಕದ ಹಳೇ ಕಾರ್ಖಾನೆ ಜಾಗದಲ್ಲಿ ಕಟ್ಟುವುದು ಎಷ್ಟೋ ಮೇಲು. ನನ್ನ ತಕರಾರು ಇಷ್ಟೇ: ನಕ್ಷೆ ಬರೆಯುವ ಮೊದಲು ನೆಲದ ಕಥೆ ಕೇಳಿ.

ಆ ಕಥೆ ಗೊತ್ತಿರುವುದು ಯಾರಿಗೆ? ಕೆಲವೊಮ್ಮೆ ಕಾಗದಕ್ಕೆ. ಹಳೇ ಲೇಔಟ್ ನಕ್ಷೆ, ಬಾಯ್ಲರ್ ಲೈಸೆನ್ಸು, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರ, ಎಣ್ಣೆ ಟ್ಯಾಂಕಿನ ದಾಖಲೆ, ಇವೆಲ್ಲ ಸಿಕ್ಕರೆ ಪುಣ್ಯ. ಕಾರ್ಖಾನೆ ಮುಚ್ಚಿ, ಜಾಗ ಎರಡು ಮೂರು ಕೈ ಬದಲಾದ ಮೇಲೆ ಅವು ಸಿಗುವುದು ಕಡಿಮೆ. ಹಾಗಾಗಿ ನಾನು ಮೊದಲು ಹುಡುಕುವುದು ಅಲ್ಲಿ ಕೆಲಸ ಮಾಡಿದವರನ್ನು.

ನಗರದ ಪಶ್ಚಿಮ ಭಾಗದ ಒಂದು ಜಾಗ ನೆನಪಾಗುತ್ತದೆ. ಲೋಹದ ಬಿಡಿಭಾಗ ಮಾಡುತ್ತಿದ್ದ ಕಾರ್ಖಾನೆ. ಶೆಡ್ಡುಗಳನ್ನೆಲ್ಲ ಒಡೆದು ನೆಲ ಸಮ ಮಾಡಿದ್ದರು. ಎಲ್ಲಿ ಏನಿತ್ತು ಅನ್ನುವ ಗುರುತೇ ಇರಲಿಲ್ಲ. ಪಕ್ಕದ ಬೀದಿಯಲ್ಲಿ ಬೀಡಾ ಅಂಗಡಿಯವರನ್ನು ಕೇಳಿದಾಗ, ಅಲ್ಲಿ ಇಪ್ಪತ್ತೆರಡು ವರ್ಷ ದುಡಿದ ಒಬ್ಬ ಯಜಮಾನರ ಮನೆ ತೋರಿಸಿದರು. ಅವರು ಈಗ ಒಂದು ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಪಾಳಿಯ ವಾಚ್‌ಮನ್.

ಮಾರನೇ ದಿನ ಬೆಳಗ್ಗೆ ಪಾಳಿ ಮುಗಿಸಿಕೊಂಡು ನೇರ ಸೈಟಿಗೇ ಬಂದರು. ಗೇಟಿನಿಂದ ಹೆಜ್ಜೆ ಎಣಿಸುತ್ತಾ ನಡೆದರು. “ಇಲ್ಲಿ ಟೈಮ್ ಆಫೀಸು. ಇಲ್ಲಿ ಲೇತ್ ಸಾಲು. ಈ ಹೊಂಗೆ ಮರದ ಆ ಕಡೆ ನಮ್ಮ ಪ್ಲೇಟಿಂಗ್ ಸೆಕ್ಷನ್.” ಅಷ್ಟು ಹೇಳಿ ಮರದ ಹಿಂದೆ ಕಾಂಪೌಂಡಿನ ಮೂಲೆಗೆ ಹೋಗಿ ನಿಂತರು. “ತೊಟ್ಟಿ ತೊಳೆದ ನೀರನ್ನು ಇಲ್ಲಿ ಗುಂಡಿಗೆ ಬಿಡ್ತಿದ್ವಿ. ಕಲ್ಲು ತುಂಬಿದ ಇಂಗು ಗುಂಡಿ. ಎಷ್ಟು ಬಿಟ್ರೂ ಕುಡೀತಿತ್ತು ಮೇಡಂ.”

“ಅದರ ಬಣ್ಣ ಹೇಗಿತ್ತು ಯಜಮಾನ್ರೇ?”

“ಅರಿಶಿನ ಕದಡಿದ ಹಾಗೆ.”

ಹಾಗಂದು ಎರಡೂ ಕೈ ಮುಂದೆ ಚಾಚಿದರು. ಬೆರಳ ಗಿಣ್ಣುಗಳ ಹತ್ತಿರ ಸಣ್ಣ ಸಣ್ಣ ಗುಂಡನೆಯ ಕಲೆಗಳು, ಕಡಲೆ ಕಾಳು ಒತ್ತಿ ತೆಗೆದ ಹಾಗೆ. ಲೋಹಕ್ಕೆ ಹೊಳಪಿನ ಲೇಪ ಕೊಡುವ ಕ್ರೋಮ್ ತೊಟ್ಟಿಗಳಲ್ಲಿ ಕೈಗವಸು ಇಲ್ಲದೆ ಕೆಲಸ ಮಾಡಿದವರಿಗೆ ಆಗುವ ಹುಣ್ಣಿನ ಗುರುತು ಅದು. ವೈದ್ಯರ ಪುಸ್ತಕದಲ್ಲಿ ಓದಿದ್ದೆ. ಕಣ್ಣಾರೆ ನೋಡಿದ್ದು ಅದೇ ಮೊದಲು. ನನಗೆ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.

ಆ ಮೂಲೆಯಲ್ಲಿ ಬೋರ್ ಹಾಕಿದೆವು. ಮೇಲೆ ಒಡೆದ ಇಟ್ಟಿಗೆ, ಬಾಯ್ಲರಿನ ಬೂದಿ, ಕಿಟ್ಟ. ಅದರ ಕೆಳಗೆ ನಮ್ಮ ಕೆಂಪು ಮಣ್ಣು. ಎರಡೂವರೆ ಮೀಟರ್ ದಾಟುವ ಹೊತ್ತಿಗೆ ಕೆಂಪಿನ ನಡುವೆ ಹಸಿರು ಹಳದಿ ಪಟ್ಟೆ ಕಾಣಿಸಿತು. ಲ್ಯಾಬಿಗೆ ಕಳಿಸುವಾಗ ಒಂದು ಎಚ್ಚರ ಬೇಕು. ಲ್ಯಾಬು ನೀವು ಕೇಳಿದ್ದನ್ನು ಮಾತ್ರ ನೋಡುತ್ತದೆ. ಬರೀ ‘ಕ್ರೋಮಿಯಂ’ ಅಂತ ಬರೆದರೆ ಒಟ್ಟು ಮೊತ್ತ ಕೊಡುತ್ತಾರೆ. ಕ್ರೋಮಿಯಂನಲ್ಲಿ ಎರಡು ಬಗೆ ಮುಖ್ಯ. ಒಂದು ಮಣ್ಣಿಗೆ ಅಂಟಿಕೊಂಡು ಹೆಚ್ಚು ಕಡಿಮೆ ಸುಮ್ಮನಿರುತ್ತದೆ. ಇನ್ನೊಂದು, ಹೆಕ್ಸಾವೇಲೆಂಟ್ ಕ್ರೋಮಿಯಂ ಅಥವಾ ಕ್ರೋಮಿಯಂ ಸಿಕ್ಸ್, ನೀರಿನ ಜೊತೆ ಓಡುತ್ತದೆ, ಕ್ಯಾನ್ಸರ್ ತರುತ್ತದೆ. ಅದನ್ನು ಬೇರೆಯಾಗಿ ಕೇಳಬೇಕು. ನಾವು ಕೇಳಿದ್ದೆವು. ಅಲ್ಲಿ ಇದ್ದದ್ದು ಅದೇ.

ಇನ್ನು ಮುಖ್ಯವಾದ ಸಂಗತಿ. ಆರ್ಕಿಟೆಕ್ಟ್ ಆಗಲೇ ನಕ್ಷೆ ಮುಗಿಸಿದ್ದರು. ಅದೇ ಮೂಲೆ ಇಡೀ ಸೈಟಿನಲ್ಲಿ ತಗ್ಗಿನ ಜಾಗ. ಮಳೆ ನೀರೆಲ್ಲ ಸಹಜವಾಗಿ ಅಲ್ಲಿಗೇ ಹರಿದು ಬರುತ್ತದೆ. ಹಾಗಾಗಿ ಮಳೆ ನೀರು ಇಂಗಿಸುವ ಬಾವಿಗಳನ್ನು ಅಲ್ಲೇ ಗುರುತು ಮಾಡಿದ್ದರು! ಹಿಂದಿನ ಕಾರ್ಖಾನೆಯವರು ಗುಂಡಿ ತೋಡಲು ಆ ಮೂಲೆ ಆರಿಸಿದ್ದೂ ಬಹುಶಃ ಅದೇ ಕಾರಣಕ್ಕೆ. ನಕ್ಷೆಯ ಪ್ರಕಾರ ಕಟ್ಟಿದ್ದರೆ ಎಕರೆಗಟ್ಟಲೆ ಚಾವಣಿಯ ಶುದ್ಧ ನೀರು ಪ್ರತಿ ಮಳೆಗೂ ಆ ವಿಷವನ್ನು ತೊಳೆದು ಕೆಳಗಿನ ಬಂಡೆಯ ಬಿರುಕುಗಳಿಗೆ ತಳ್ಳುತ್ತಿತ್ತು. ಸುತ್ತಲಿನ ಬೀದಿಗಳಲ್ಲಿ ಎಷ್ಟೋ ಮನೆಗಳಿಗೆ ಬೋರ್‌ವೆಲ್ಲೇ ಗತಿ. ಒಳ್ಳೆಯ ಉದ್ದೇಶದ ಕೆಲಸ ಅಷ್ಟು ಕೆಟ್ಟದ್ದಾಗಬಹುದಿತ್ತು.

ಇಂಗು ಬಾವಿಗಳನ್ನು ಎದುರು ಭಾಗಕ್ಕೆ ಸ್ಥಳಾಂತರಿಸಿದೆವು. ತಗ್ಗಿನಲ್ಲಿ ತಳ, ಗೋಡೆ ಎಲ್ಲ ಕಾಂಕ್ರೀಟ್ ಇರುವ ಟ್ಯಾಂಕು ಮಾಡಿ, ನೀರನ್ನು ಪಂಪಿನಿಂದ ಎತ್ತುವ ಹಾಗಾಯಿತು. ತೀರಾ ಕೆಟ್ಟ ಮಣ್ಣನ್ನು ಬೇರೆಯಾಗಿ ಅಗೆದು ತೆಗೆದೆವು. ಅಂಚಿನ ಮಣ್ಣಿಗೆ ಅನ್ನಭೇದಿ (ಫೆರಸ್ ಸಲ್ಫೇಟ್) ದ್ರಾವಣ ಬೆರೆಸಿದೆವು. ಅನ್ನಭೇದಿಯ ಕಬ್ಬಿಣ ಸೇರಿದಾಗ ಓಡುವ ಕ್ರೋಮಿಯಂ ಸುಮ್ಮನಿರುವ ಕ್ರೋಮಿಯಂ ಆಗುತ್ತದೆ. ಹಳದಿ ನೀರು ಬಕೆಟ್ಟಿನಲ್ಲಿ ಕಣ್ಣೆದುರೇ ಮಂಕು ಹಸಿರಿಗೆ ತಿರುಗುವುದನ್ನು ನೋಡಿ ಸೈಟಿನ ಹುಡುಗರು ಬೆರಗಾದರು. ಆಮೇಲೆ ಮತ್ತೆ ಸ್ಯಾಂಪಲ್, ಮತ್ತೆ ಲ್ಯಾಬು. ಮಾಲೀಕರು ತಡವಾಯಿತು ಅಂತ ಬೇಜಾರು ಮಾಡಿಕೊಂಡರು. ಬ್ಯಾಂಕಿನ ಬಡ್ಡಿ ಓಡುತ್ತಿರುವಾಗ ಆ ಬೇಜಾರು ನನಗೂ ಅರ್ಥವಾಗುತ್ತದೆ. ಆದರೆ ಇದೇ ಮಣ್ಣು ಮೂರನೇ ಬೇಸ್‌ಮೆಂಟ್ ಅಗೆಯುವಾಗ ಸಿಕ್ಕಿದ್ದರೆ ಇಡೀ ಕೆಲಸವೇ ನಿಲ್ಲುತ್ತಿತ್ತು.

ಮಾಲ್ ಅಂದರೆ ಪಾರ್ಕಿಂಗ್, ಪಾರ್ಕಿಂಗ್ ಅಂದರೆ ಆಳದ ಅಗೆತ. ಮೂರು ಬೇಸ್‌ಮೆಂಟಿಗೆ ಹತ್ತು ಮೀಟರಿಗೂ ಜಾಸ್ತಿ ಕೆಳಗೆ ಹೋಗಬೇಕು. ಅಲ್ಲಿ ನೀರು ಸಿಕ್ಕರೆ ಹಗಲೂ ರಾತ್ರಿ ಪಂಪು ಓಡಿಸುತ್ತಾರೆ. ಹಾಗೆ ಎಳೆದಾಗ ನಿಮ್ಮ ಜಾಗದ ನೀರಷ್ಟೇ ಬರುವುದಿಲ್ಲ, ಪಕ್ಕದ ವರ್ಕ್‌ಶಾಪಿನ ಅಡಿಯ ಕೊಳೆಯೂ ನಿಮ್ಮ ಗುಂಡಿಯ ಕಡೆ ಹೊರಡುತ್ತದೆ. ಆ ನೀರನ್ನು ಎಲ್ಲಿಗೆ ಬಿಡುತ್ತೀರಿ? ಸಾಮಾನ್ಯವಾಗಿ ಪಕ್ಕದ ಮೋರಿಗೆ. ಪಶ್ಚಿಮ ಬೆಂಗಳೂರಿನ ಮೋರಿ ರಾಜಕಾಲುವೆ ಸೇರುತ್ತದೆ, ರಾಜಕಾಲುವೆ ವೃಷಭಾವತಿ ಸೇರುತ್ತದೆ, ವೃಷಭಾವತಿ ಬೈರಮಂಗಲದ ಕೆರೆಗೆ ಹೋಗುತ್ತದೆ. ಆ ಕಡೆಯ ರೈತರು ನಮ್ಮ ಊರಿನ ಕೊಳೆಯನ್ನು ಈಗಾಗಲೇ ಬೇಕಾದಷ್ಟು ಹೊತ್ತಿದ್ದಾರೆ.

ಬೇಸ್‌ಮೆಂಟಿನ ಗಾಳಿಯನ್ನೂ ನೋಡಬೇಕು. ಯಂತ್ರದ ಭಾಗಗಳ ಜಿಡ್ಡು ತೆಗೆಯಲು ಟ್ರೈಕ್ಲೋರೋಎಥಿಲೀನ್ ಥರದ ದ್ರಾವಣ ಬಳಸುತ್ತಿದ್ದರು. ಅದು ನೀರಿಗಿಂತ ಭಾರ. ಅಂತರ್ಜಲವನ್ನೂ ದಾಟಿ ಕೆಳಗಿಳಿದು ಬಂಡೆಯ ಸಂದಿಯಲ್ಲಿ ಕೂರುತ್ತದೆ. ಆಮೇಲೆ ವರ್ಷಗಟ್ಟಲೆ ಆವಿಯಾಗಿ ಮೇಲೆ ಬರುತ್ತಲೇ ಇರುತ್ತದೆ. ಸಿನಿಮಾ ನೋಡಲು ಬಂದವರು ಬೇಸ್‌ಮೆಂಟಿನಲ್ಲಿ ಐದು ನಿಮಿಷ ಇರುತ್ತಾರೆ. ಅಲ್ಲಿ ಪಾರ್ಕಿಂಗ್ ಟಿಕೆಟ್ ಕೊಡುವ ಹುಡುಗಿ, ಕಾರು ತೊಳೆಯುವವರು, ಸೆಕ್ಯುರಿಟಿಯವರು ಹತ್ತು ಹನ್ನೆರಡು ಗಂಟೆ ಇರುತ್ತಾರೆ. ನಾನು ಲೆಕ್ಕ ಹಾಕುವುದು ಅವರ ಉಸಿರಿನ ಮೇಲೆ.

ಒಡೆಯುವ ಕೆಲಸದ ಬಗ್ಗೆ ಒಂದೇ ಮಾತು. ಹಳೇ ಶೆಡ್ಡಿನ ಆಸ್ಬೆಸ್ಟಾಸ್ ಶೀಟನ್ನು ಸುತ್ತಿಗೆಯಿಂದ ಪುಡಿ ಮಾಡಬೇಡಿ. ನೀರು ಚಿಮುಕಿಸಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಿ. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಕಾಯಿಲೆ ಕಾಣಿಸಿಕೊಳ್ಳುವುದು ಎಷ್ಟೋ ವರ್ಷದ ಮೇಲೆ.

“ಹಾಗಾದ್ರೆ ಇಂಥ ಜಾಗದಲ್ಲಿ ಕಟ್ಟೋದೇ ಬೇಡ್ವಾ?” ಅಂತ ಕೇಳುತ್ತಾರೆ. ಖಂಡಿತ ಕಟ್ಟಬಹುದು. ಅಮೆರಿಕದ ಅಟ್ಲಾಂಟಾದಲ್ಲಿ ಅಟ್ಲಾಂಟಿಕ್ ಸ್ಟೀಲ್ ಅನ್ನುವ ಉಕ್ಕಿನ ಕಾರ್ಖಾನೆ ಇತ್ತು. 1901ರಲ್ಲಿ ಶುರುವಾಗಿ 1998ರಲ್ಲಿ ಮುಚ್ಚಿತು. ಜಾಗ 138 ಎಕರೆ. ನೂರು ವರ್ಷ ಉಕ್ಕು ಕರಗಿಸಿದ ನೆಲ ಹೇಗಿರುತ್ತದೆ ಅಂತ ಊಹಿಸಿ. ಕೆಟ್ಟ ಮಣ್ಣನ್ನು ಒಂದಷ್ಟು ಅಗೆದು ಸಾಗಿಸಿದರು. ಉಳಿದದ್ದರ ಮೇಲೆ ಮುಚ್ಚಳ ಹಾಕಿದರು. 2005ರಲ್ಲಿ ಅಲ್ಲಿ ಅಟ್ಲಾಂಟಿಕ್ ಸ್ಟೇಷನ್ ಅನ್ನುವ ಅಂಗಡಿ ಬೀದಿಗಳು, ಮನೆಗಳು, ಆಫೀಸುಗಳು ತೆರೆದವು. ನನಗೆ ತುಂಬಾ ಹಿಡಿಸಿದ್ದು ಅದರ ಪಾರ್ಕಿಂಗ್. ಅಂಗಡಿ ಬೀದಿಗಳ ಅಡಿಯಲ್ಲಿ ಭಾರೀ ಪಾರ್ಕಿಂಗ್ ಕಟ್ಟಿದ್ದಾರೆ. ಅದರ ಕಾಂಕ್ರೀಟೇ ಕೆಳಗಿನ ಮಣ್ಣಿಗೆ ಮುಚ್ಚಳ. ಜನ ನಡೆಯುವುದು, ಕೂರುವುದು, ತಿನ್ನುವುದು ಎಲ್ಲ ಅದರ ಮೇಲಿನ ಮಹಡಿಯಲ್ಲಿ. ಯಾವ ಮಣ್ಣನ್ನು ತೆಗೆಯಬೇಕು, ಯಾವುದನ್ನು ಮುಚ್ಚಬೇಕು ಅಂತ ಮೊದಲು ತಿಳಿದುಕೊಂಡು ಆಮೇಲೆ ಕಟ್ಟಡವನ್ನು ಅದಕ್ಕೆ ಹೊಂದಿಸಿದರು. ನಾವು ಸಾಮಾನ್ಯವಾಗಿ ತಿರುವುಮುರುವು ಮಾಡುತ್ತೇವೆ.

ಮುಚ್ಚಳ ಹಾಕುವುದು ಸುಳ್ಳು ಪರಿಹಾರ ಅಂತ ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಆದರೆ ಒಂದು ಷರತ್ತು ಇದೆ. ಮುಚ್ಚಿಟ್ಟದ್ದನ್ನು ಬರೆದಿಡಬೇಕು. ಇಪ್ಪತ್ತು ವರ್ಷದ ಮೇಲೆ ಯಾರೋ ಪೈಪು ಹಾಕಲು ನೆಲ ಕೊರೆಯುತ್ತಾರೆ. ಅವರ ಕೈಗೆ ಸಿಗುವ ನಕ್ಷೆಯಲ್ಲಿ ‘ಇಲ್ಲಿ ಅಗೆಯಬೇಡಿ’ ಅಂತ ಇರಬೇಕು.

ನಮ್ಮಲ್ಲಿ ಇದಕ್ಕೆಂದೇ ಕಾನೂನು ಬಂದದ್ದು ಇತ್ತೀಚೆಗೆ. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಮಲಿನಗೊಂಡ ಜಾಗಗಳ ನಿರ್ವಹಣೆಗೆ ನಿಯಮಗಳನ್ನು ಹೊರಡಿಸಿತು. ಅನುಮಾನ ಇರುವ ಜಾಗವನ್ನು ಗುರುತಿಸುವುದು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಪರೀಕ್ಷೆ ಮಾಡಿಸುವುದು, ಕೆಡಿಸಿದವರಿಂದಲೇ ಖರ್ಚು ವಸೂಲಿ ಮಾಡುವುದು, ಇದಕ್ಕೆಲ್ಲ ಈಗ ದಾರಿ ಇದೆ. ಜಾಗ ಕೊಳ್ಳುವವರು ಇದನ್ನು ಗಮನಿಸಬೇಕು. ಕ್ರಯಪತ್ರಕ್ಕೆ ಸಹಿ ಹಾಕುವ ಮೊದಲು ಮಣ್ಣು, ನೀರು ಪರೀಕ್ಷೆ ಮಾಡಿಸಿ. ಏನಾದರೂ ಸಿಕ್ಕರೆ ಶುದ್ಧಿಯ ಖರ್ಚು ಯಾರದ್ದು ಅಂತ ಅದೇ ಪತ್ರದಲ್ಲಿ ಬರೆಸಿ. ಆಮೇಲೆ ಕೇಳಿದರೆ ಮಾರಿದವರು ಕೈಗೆ ಸಿಗುವುದಿಲ್ಲ.

ನೀವು ಕೊಳ್ಳುವವರೂ ಅಲ್ಲ, ಕಟ್ಟುವವರೂ ಅಲ್ಲ, ಅಂಥ ಸೈಟಿನ ಪಕ್ಕದ ಮನೆಯವರು ಅಂತಿಟ್ಟುಕೊಳ್ಳಿ. ರಾತ್ರಿ ಹತ್ತರ ಮೇಲೆ ಲಾರಿಗಳು ಮಣ್ಣು ತುಂಬಿಕೊಂಡು ಹೊರಡುತ್ತವೆ. ಅಗೆದ ಮಣ್ಣಿಗೆ ನಮ್ಮಲ್ಲಿ ಬೇಡಿಕೆ ಇದೆ. ಹೊಸ ಲೇಔಟ್ ಸಮ ಮಾಡಲು, ಹಳ್ಳ ಮುಚ್ಚಲು ಕೊಂಡುಕೊಳ್ಳುತ್ತಾರೆ. ಕಾರ್ಖಾನೆ ಜಾಗದ ಕೆಟ್ಟ ಮಣ್ಣು ಹಾಗೆ ಹೋದರೆ, ಸಾಲ ಮಾಡಿ ಸೈಟು ಕೊಂಡ ಯಾವುದೋ ಮನೆಯ ಹಿತ್ತಲಿನಲ್ಲಿ ಕರಿಬೇವಿನ ಗಿಡದ ಬುಡಕ್ಕೆ ಹೋಗಿ ಬೀಳುತ್ತದೆ. ಅಪಾಯಕಾರಿ ತ್ಯಾಜ್ಯ ಅಂತ ಗೊತ್ತಾದ ಮಣ್ಣು ಹೋಗಬೇಕಾದ್ದು ದಾಬಸ್‌ಪೇಟೆಯಲ್ಲಿ ಇರುವಂಥ ವಿಲೇವಾರಿ ಘಟಕಕ್ಕೆ. ಅಂಥ ಪ್ರತಿ ಲಾರಿಯ ಜೊತೆ ಮ್ಯಾನಿಫೆಸ್ಟ್ ಅನ್ನುವ ಚೀಟಿ ಇರಬೇಕು. ಏನು ತುಂಬಿದೆ, ಎಷ್ಟು, ಎಲ್ಲಿಂದ, ಎಲ್ಲಿಗೆ ಅಂತ ಅದರಲ್ಲಿ ಬರೆದಿರುತ್ತದೆ. ಸೈಟ್ ಆಫೀಸಿಗೆ ಹೋಗಿ ಮಣ್ಣಿನ ಲ್ಯಾಬ್ ರಿಪೋರ್ಟ್ ಕೇಳಿ. ಅದರಲ್ಲಿ ಸುತ್ತಿಗೆಯ ಏಟಿನ ಲೆಕ್ಕ ಮಾತ್ರ ಇದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಒಂದು ಅರ್ಜಿ ಬರೆಯಿರಿ. ಅಲ್ಲಿ ದುಡಿದ ಹಿರಿಯರು ನಿಮ್ಮ ಬೀದಿಯಲ್ಲಿ ಯಾರಾದರೂ ಇದ್ದರೆ ಅವರು ಹೇಳಿದ್ದನ್ನೂ ಅದರಲ್ಲಿ ಸೇರಿಸಿ, ಯಾವ ಮರದ ಪಕ್ಕ, ಯಾವ ಮೂಲೆ ಅಂತ.